ಎಂಟು ನಲವತ್ತರ ಜಗಳ

ಕಳೆದ ವರ್ಷ ಆಷಾಢದಿಂದ ದಸರಾದವರೆಗೆ ನಮ್ಮ ಮನೆ ಬಾಗಿಲಲ್ಲಿ ದಿನಾ ರಾತ್ರಿ ಎಂಟು ನಲವತ್ತಕ್ಕೆ ಸರಿಯಾಗಿ ಒಂದು ಜಗಳ ನಡೆಯುತ್ತಿತ್ತು. ಮೇಲಿನ ಮನೆಯ ಏಕಾಂತಯ್ಯನವರು ಕೊಡೆ ಬಿಚ್ಚಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ನನ್ನ ಗಂಡ ಗಿರಿರಾಜನನ್ನು ಬೈಯುತ್ತಿದ್ದರು. ಗಿರಿರಾಜ ಒಂದು ಮಾತು ತಿರುಗಿಸಿ ಹೇಳುತ್ತಿದ್ದ. ಅವರು ನಮ್ಮ ಬಾಗಿಲನ್ನು ದಢಾರನೆ ಎಳೆದುಕೊಂಡು ಹೋಗುತ್ತಿದ್ದರು. ಒಟ್ಟು ಎರಡೂವರೆ ನಿಮಿಷ. ಆಮೇಲೆ ನಮ್ಮ ಮಗಳು ವಚನಾ ಮಲಗುತ್ತಿದ್ದಳು. ಮಳೆ ಇದ್ದರೂ ಇಲ್ಲದಿದ್ದರೂ ಕೊಡೆ ಇರಲೇಬೇಕಿತ್ತು. ಅನ್ನಪೂರ್ಣೇಶ್ವರಿ ನಗರದ ನಮ್ಮ ರಸ್ತೆಯವರು ಇದನ್ನು ನೋಡಿ ಏನೇನೋ ಅಂದುಕೊಂಡರು. ಅಂದುಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ಏಳು ವರ್ಷ ನಿದ್ದೆಗೆಟ್ಟವಳಿಗೆ ಅಷ್ಟು ಹಕ್ಕಿದೆ.

ವಚನಾಳಿಗೆ ಆಟಿಸಂ ಇದೆ. ಮಾತು ಕಡಿಮೆ. ಆಡುವ ಮಾತೂ ಬಹುಪಾಲು ಬೇರೆಯವರದೇ. ಕೇಳಿದ್ದನ್ನು ಕೇಳಿದ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡು, ತನಗೆ ಬೇಕಾದಾಗ ತೆಗೆದು ಹೇಳುತ್ತಾಳೆ. ಹಸಿವಾದರೆ ಮೆಟ್ರೋ ರೈಲಿನ ಹೆಂಗಸಿನ ದನಿಯಲ್ಲಿ "ಮುಂದಿನ ನಿಲ್ದಾಣ ಅತ್ತಿಗುಪ್ಪೆ" ಎನ್ನುತ್ತಾಳೆ, ಯಾಕೆಂದರೆ ಅತ್ತಿಗುಪ್ಪೆಯಲ್ಲಿ ಇಳಿದಾಗಲೆಲ್ಲ ಅವಳಪ್ಪ ಇಡ್ಲಿ ಕೊಡಿಸುತ್ತಿದ್ದ. ಇದೆಲ್ಲ ನಮಗೆ ಅರ್ಥವಾಗುತ್ತಿತ್ತು, ತೊಂದರೆಯೇನೂ ಇರಲಿಲ್ಲ. ತೊಂದರೆಯಿದ್ದದ್ದು ನಿದ್ದೆಯದು. ಅವಳು ರಾತ್ರಿ ಎರಡಕ್ಕೆ ಮೊದಲು ಮಲಗಿದ್ದೇ ಇಲ್ಲ. ಹಾಸಿಗೆಯ ಮೇಲೆ ಕುಣಿಯುವಳು, ಗೋಡೆಗೆ ಕೈಯಿಟ್ಟು ನಿಲ್ಲುವಳು, ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ಹಾಕುವಳು. ನಾವು ಗಸಗಸೆ ಹಾಲು ಕೊಟ್ಟೆವು, ತಲೆಗೆ ಎಣ್ಣೆ ತಟ್ಟಿದೆವು, ದೃಷ್ಟಿ ತೆಗೆದೆವು. ಎಣ್ಣೆ ತಟ್ಟುತ್ತಾ ಗಿರಿರಾಜ ಮಲಗಿದ, ಅವಳು ಮಲಗಲಿಲ್ಲ.

ಬಿನ್ನಿಪೇಟೆಯ ಔಷಧಿ ಗೋದಾಮಿನಲ್ಲಿ ಕೆಲಸ ಮಾಡುವ ಅವನು ಅತ್ತಿಗುಪ್ಪೆಯಲ್ಲಿ ಇಳಿಯಬೇಕಾದವನು ಕೆಂಗೇರಿ ದಾಟಿದ ಮೇಲೆ ಕಣ್ಣು ಬಿಡುತ್ತಿದ್ದ. ನಾನು ಭೂಮಾಪನದ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಒಂದು ಮಧ್ಯಾಹ್ನ ತೂಕಡಿಸಿ ಯಾರದೋ ಬಾವಿಯ ನಡುವೆ ಬಂಡಿದಾರಿ ಎಳೆದುಬಿಟ್ಟಿದ್ದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ನಾವಿಬ್ಬರೂ ಜಗಳಕ್ಕೆ ಬೀಳುತ್ತಿದ್ದೆವು. ಮಧ್ಯಾಹ್ನ ಅವಳನ್ನು ಮಲಗಿಸಿದ್ದು ನೀನು ಎಂದು ಅವನು, ಮೊಬೈಲ್ ಕೊಟ್ಟದ್ದು ನೀನು ಎಂದು ನಾನು. ಅದು ನಿಜವಾದ ಜಗಳ, ಹೊತ್ತುಗೊತ್ತು ಇಲ್ಲದ್ದು. ಜೂನ್‌ನಲ್ಲಿ ಶಾಲೆಯವರು, ಮೊದಲ ಪೀರಿಯಡ್‌ನಲ್ಲೇ ಮಲಗಿಬಿಡುತ್ತಾಳೆ, ಕಲಿಸುವುದು ಯಾರಿಗೆ, ನಿದ್ದೆ ಸರಿಯಾದ ಮೇಲೆ ಕರೆತನ್ನಿ ಎಂದು ಕಳಿಸಿಬಿಟ್ಟರು. ಅವತ್ತು ನಾನು ಆಟೋದಲ್ಲಿ ಅತ್ತೆ. ಅವಳು ನನ್ನ ಮಡಿಲಲ್ಲಿ ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದಳು, ಹಗಲು ಹನ್ನೊಂದೂವರೆಗೆ.

ಬಸವೇಶ್ವರನಗರದ ಥೆರಪಿಸ್ಟ್ ಕಲಾ ಮೇಡಂ ಗಟ್ಟಿ ಹೆಂಗಸು. ಗಸಗಸೆಯ ಕಥೆಯನ್ನೆಲ್ಲ ಕೇಳಿ ಮುಗಿಸಿ ಹೇಳಿದರು. "ನಿದ್ದೆ ಬರ್ಲಿ ಅಂತ ಕಾಯ್ಬೇಡಿ. ನಿದ್ದೆಗೆ ದಾರಿ ಮಾಡಿ. ಮಲಗೋಕೆ ಒಂದು ಗಂಟೆ ಮುಂಚೆ ಟಿವಿ ಮೊಬೈಲ್ ಬಂದ್. ಲೈಟ್ ಕಮ್ಮಿ ಮಾಡಿ. ಆಮೇಲೆ ಏನೇನು ಮಾಡ್ತೀರೋ ಅದನ್ನ ಒಂದಾದ ಮೇಲೊಂದು ಚಿತ್ರ ಬರ್ದು ಗೋಡೆಗೆ ಹಾಕಿ. ದಿನಾ ಅದೇ ಕ್ರಮ, ಅದೇ ಟೈಮು. ಮುಂದೇನು ಅನ್ನೋದು ಗೊತ್ತಿದ್ರೆ ಅವಳಿಗೆ ಧೈರ್ಯ."

ಬೇರೆ ಯಾವ ತಾಯಿಯಾದರೂ ಏನು ಮಾಡುತ್ತಿದ್ದಳು? ಊಟ, ಹಲ್ಲು, ಹಾಸಿಗೆ ಎಂದು ಮೂರು ಚಿತ್ರ ಮೊದಲೇ ಬರೆದು ಅಂಟಿಸುತ್ತಿದ್ದಳು. ನನಗೆ ನಕ್ಷೆ ಬರೆದು ಬಂದ ಹದಿನಾಲ್ಕು ವರ್ಷದ ಚಾಳಿ. ಸ್ಥಳದಲ್ಲಿ ಏನಿದೆಯೋ ಅದನ್ನು ಇದ್ದ ಹಾಗೆ ಇಳಿಸಬೇಕು, ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು. ಹಾಗಾಗಿ ಅವತ್ತು ರಾತ್ರಿ ಪೆನ್ಸಿಲ್ ಹಿಡಿದು ಮಗಳ ಹಿಂದೆಯೇ ಓಡಾಡುತ್ತಾ, ನಡೆದದ್ದನ್ನು ನಡೆದ ಹಾಗೇ ಬರೆದೆ. ಒಂದು, ಊಟ. ಎರಡು, ಟಿವಿ ಬಂದ್. ಮೂರು, ಬಿಸಿನೀರಲ್ಲಿ ಕಾಲು. ನಾಲ್ಕು, ಹಲ್ಲು. ಐದು, ಹಳದಿ ಹೊದಿಕೆ. ವಚನಾ ನನ್ನ ಮೊಣಕೈಗೆ ಒರಗಿ ಒಂದೊಂದು ಗೆರೆಯನ್ನೂ ನೋಡುತ್ತಿದ್ದಳು. ಐದು ಮುಗಿದಾಗ ಗಂಟೆ ಎಂಟು ನಲವತ್ತು.

ಆಗಲೇ ಬೆಲ್ ಆದದ್ದು. ಈ ಗಡಿಬಿಡಿಯಲ್ಲಿ ಗಿರಿರಾಜ ಸಂಪಿನ ಮೋಟರ್ ಹಾಕಿ ಮರೆತಿದ್ದ. ಮೇಲಿನ ಟ್ಯಾಂಕ್ ತುಂಬಿ, ನೀರು ಪೈಪಿನಿಂದ ಏಕಾಂತಯ್ಯನವರ ಮೆಟ್ಟಿಲ ಮೇಲೆ ಧೋ ಎಂದು ಸುರಿಯುತ್ತಿತ್ತು. ಏಕಾಂತಯ್ಯನವರು ಗದಗಿನ ಕಡೆಯವರು, ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಹೆಂಡತಿ ನೀಲಮ್ಮನವರ ಜೊತೆ ಆರು ತಿಂಗಳ ಹಿಂದೆ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದರು. ಹಣೆ ತುಂಬ ವಿಭೂತಿ, ಮೊಣಕಾಲವರೆಗೆ ಎತ್ತಿ ಕಟ್ಟಿದ ಒದ್ದೆ ಪಂಚೆ, ತಲೆಯ ಮೇಲೆ ಬಿಚ್ಚಿದ ಕೊಡೆ. ಆ ರೂಪದಲ್ಲಿ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಟ್ಯಾಂಕ್ ತುಂಬಿ ಅರ್ಧ ತಾಸಾತು. ಮೋಟರ್ ಬಂದ್ ಮಾಡೂ ಖಬರ್ ಇಲ್ಲೇನ್ರಿ ನಿಮಗ?"

"ಮಗು ಮಲಗೋ ಹೊತ್ತು ಸಾರ್, ಸ್ವಲ್ಪ ಮೆತ್ತಗೆ ಮಾತಾಡಿ," ಎಂದ ಗಿರಿರಾಜ.

"ಹೌದ್ರಿ, ನೀವು ಮಲಗ್ರಿ. ನಾ ಈಜ್ತೀನಿ."

ಅಷ್ಟು ಹೇಳಿ ಬಾಗಿಲನ್ನು ಅವರೇ ದಢಾರನೆ ಎಳೆದು ಹೋದರು. ಗಿರಿರಾಜ ಮೋಟರ್ ಆರಿಸಿದ. ಮನೆಯಲ್ಲಿ ತಟ್ಟನೆ ಸದ್ದಡಗಿತು. ವಚನಾ ನನ್ನ ಮಣಿಕಟ್ಟು ಹಿಡಿದು ಪೆನ್ಸಿಲನ್ನು ಕಾಗದದ ಮೇಲೆ ತಂದಿಟ್ಟಳು. ಬರಿ ಎಂದು ಅರ್ಥ. ನಾನು ಬರೆದೆ. ಆರು, ಬಾಗಿಲಲ್ಲಿ ಕೊಡೆ ಹಿಡಿದ ಮನುಷ್ಯ, ಪಕ್ಕದಲ್ಲಿ ನಾಲ್ಕು ಹನಿ ನೀರು. ಏಳು, ಆರಿದ ದೀಪ. ಅವಳು ಏಳನೆಯ ಚಿತ್ರವನ್ನು ಬೆರಳಲ್ಲಿ ಮುಟ್ಟಿ, ಹೊದಿಕೆ ಎಳೆದುಕೊಂಡು ಮಲಗಿಬಿಟ್ಟಳು. ಗಂಟೆ ಒಂಬತ್ತು ಐದು. ನಾನೂ ಗಿರಿರಾಜನೂ ಕತ್ತಲಲ್ಲಿ ಅವಳ ಅಕ್ಕಪಕ್ಕ ಕೂತು, ಸುಮಾರು ಹೊತ್ತು ಅವಳ ಉಸಿರನ್ನೇ ಕೇಳಿದೆವು.

ಮರುದಿನ ಗಿರಿರಾಜ ಬಹಳ ಜವಾಬ್ದಾರಿಯಿಂದ ಮೋಟರನ್ನು ಹೊತ್ತಿಗೆ ಸರಿಯಾಗಿ ಆರಿಸಿದ. ಐದು ಚಿತ್ರ ಮುಗಿದವು. ವಚನಾ ಬಾಗಿಲ ಬಳಿ ಹೋಗಿ ನಿಂತಳು. ಆರನೆಯ ಚಿತ್ರ ತೋರಿಸಿದಳು. ಬಾಗಿಲು ತೋರಿಸಿದಳು. ಮತ್ತೆ ಚಿತ್ರ. ಬೆಳಗಿನ ಮೂರರವರೆಗೆ ತೋರಿಸಿದಳು.

ಮೂರನೆಯ ದಿನ ಸಂಜೆ ನಾನು ಮೆಟ್ಟಿಲು ಹತ್ತಿ, ಸಂಕೋಚ ಬಿಟ್ಟು ಏಕಾಂತಯ್ಯನವರನ್ನು ಕೇಳಿದೆ. "ಸಾರ್, ದಯವಿಟ್ಟು ಇವತ್ತು ರಾತ್ರಿ ಬಂದು ನಮ್ಮನ್ನ ಬೈದು ಹೋಗ್ತೀರಾ?"

ಅವರು ಪೇಪರ್ ಕೆಳಗಿಟ್ಟರು. ನಾನು ಚಾರ್ಟಿನ ಕಥೆಯನ್ನೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು, ಕನಿಕರದಿಂದ ತಲೆದೂಗಿದರು, ಕೊನೆಗೆ ಆಗುವುದಿಲ್ಲ ಎಂದರು.

"ನಿನ್ನೆ ಮೋಟರ್ ನೀವು ಸರಿಯಾಗೇ ಬಂದ್ ಮಾಡೀರಿ. ನಾ ಯಾವ ಬಾಯಿಲೆ ಬೈಲಿ? ಮೂವತ್ತೆರಡು ವರ್ಷ ಸಾಲಿ ನಡಿಸೀನಿ. ತಪ್ಪು ಮಾಡದವನ್ನ ಒಂದಿನ ಬೈದಿಲ್ಲ. ತಪ್ಪು ಮಾಡಿದಾವನ್ನ ಒಂದಿನ ಬಿಟ್ಟಿಲ್ಲ."

"ಹಾಗಾದ್ರೆ ತಪ್ಪು ಮಾಡ್ತೀವಿ ಸಾರ್."

"ಮಾಡ್ರಿ. ಬರ್ತೀನಿ."

ಹೀಗೆ ನಾವು ದಿನಾ ಒಂದು ಪ್ರಾಮಾಣಿಕ ತಪ್ಪು ಮಾಡುವವರಾದೆವು. ಎಂಟೂ ಇಪ್ಪತ್ತಕ್ಕೆ ಗಿರಿರಾಜ ಮೋಟರ್ ಹಾಕಿ ಮರೆಯುತ್ತಿದ್ದ. ಮರೆತದ್ದು ನೆನಪಿರಲಿ ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದ. ಬೆಂಗಳೂರಲ್ಲಿ ನೀರು ಚೆಲ್ಲಲು ಮನಸ್ಸು ಬರುತ್ತದೆಯೇ, ಅದಕ್ಕೆ ಪೈಪಿನ ಬಾಯಿಗೆ ಬಕೆಟ್ ಇಟ್ಟೆವು. ಬಕೆಟ್ಟಿನ ನೀರು ನೀಲಮ್ಮನವರ ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. ಬಕೆಟ್ ಅರ್ಧ ತುಂಬಿದ್ದನ್ನು ಏಕಾಂತಯ್ಯನವರು ಕಣ್ಣಾರೆ ನೋಡಿ, ಅಪರಾಧ ಖಾತ್ರಿಯಾದ ಮೇಲೆಯೇ ಕೊಡೆ ಬಿಚ್ಚುತ್ತಿದ್ದರು. ಎರಡು ತಿಂಗಳಲ್ಲಿ ಕರಿಬೇವು ನೀರು ಹೆಚ್ಚಾಗಿ ಕೊಳೆತುಹೋಯಿತು. ಅದಕ್ಕೆ ನೀಲಮ್ಮನವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ, ಅದು ಚಾರ್ಟಿನಲ್ಲಿ ಇರಲಿಲ್ಲವಲ್ಲ.

ಕಲಾ ಮೇಡಂಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಮೊದಲು ಕೇಳಿದ್ದು ಇಷ್ಟು.

"ಹೊಡೆದಾಟ ಏನಿಲ್ಲ ತಾನೆ?"

"ಇಲ್ಲ ಮೇಡಂ. ಬೈಗುಳ ಅಷ್ಟೆ. ನಾಲ್ಕು ವಾಕ್ಯ."

"ಮಲಗ್ತಾ ಇದಾಳಾ?"

"ಒಂಬತ್ತೂ ಐದಕ್ಕೆ."

"ಸದ್ಯಕ್ಕೆ ಮುಟ್ಟಬೇಡಿ. ಆಮೇಲೆ ಒಂದೊಂದೇ ತೆಗೆಯೋಣ. ಯಾವುದನ್ನ ಬದಲಾಯಿಸೋದಾದ್ರೂ ಅವಳಿಗೆ ಮುಂಚೆ ಗೊತ್ತಿರ್ಬೇಕು, ಅವಳ ಕೈಲೇ ಆಗ್ಬೇಕು. ನಿಮ್ಮಷ್ಟಕ್ಕೆ ನೀವು ತೆಗೀಬೇಡಿ."

ಆಗಸ್ಟ್ ಹದಿನೈದು ಕಳೆದ ಮೇಲೆ ವಚನಾ ಮತ್ತೆ ಶಾಲೆಗೆ ಹೋದಳು. ಮೊದಲ ಪೀರಿಯಡ್‌ನಲ್ಲಿ ಎಚ್ಚರವಾಗಿಯೇ ಇದ್ದಳೆಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸಿದರು. ಆ ಸಾಲನ್ನು ಗಿರಿರಾಜ ಫೋಟೋ ಹಿಡಿದು ತನ್ನ ಗೋದಾಮಿನವರಿಗೆಲ್ಲ ತೋರಿಸಿದ. ನಮ್ಮ ರಾತ್ರಿ ಒಂದು ಗಂಟೆಯ ಜಗಳ ಯಾವಾಗ ನಿಂತಿತು ಎಂದು ನಮಗೇ ಗೊತ್ತಾಗಲಿಲ್ಲ. ದಿನದ ಜಗಳ ಎಂಟು ನಲವತ್ತಕ್ಕೇ ಮುಗಿಯುತ್ತಿತ್ತು, ಅದೂ ನಾವಿಬ್ಬರೂ ಒಂದೇ ಪಕ್ಷ.

ಕಷ್ಟ ಬಂದದ್ದು ಏಕಾಂತಯ್ಯನವರಿಗೆ. ದಿನಾ ಬೈದು ಬೈದು ಅವರಿಗೆ ನಮ್ಮ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಬೆಳಗ್ಗೆ ನೀಲಮ್ಮನವರು ಜೋಳದ ರೊಟ್ಟಿ ಎಣಗಾಯಿ ಕಳಿಸುವರು, ನಾನು ನುಚ್ಚಿನುಂಡೆ ಕಳಿಸುವೆ. ರಾತ್ರಿ ಮಾತ್ರ ಮುಖ ಗಂಟಿಕ್ಕಿಕೊಂಡು ಬರಬೇಕು. ಒಂದು ದಿನ ಬಾಯಿತಪ್ಪಿ "ಊಟ ಆತೇನ್ರಿ ಗಿರಿರಾಜ್?" ಎಂದು ಶುರು ಮಾಡಿದರು. ವಚನಾ ಅವರ ಹೊಟ್ಟೆಗೆ ಎರಡೂ ಅಂಗೈ ಒತ್ತಿ, ಹಿಂದಕ್ಕೆ ನೂಕುತ್ತಾ ಮೆಟ್ಟಿಲವರೆಗೆ ಕಳಿಸಿದಳು. ಅವರು ಮೇಲೆ ಹೋಗಿ ಕೊಡೆ ಮುಚ್ಚಿ, ಮತ್ತೆ ಬಿಚ್ಚಿ, ಮೊದಲಿನಿಂದ ಇಳಿದು ಬಂದರು. ಇನ್ನೊಂದು ದಿನ ನೆಗಡಿಯಾಗಿ ದನಿ ಏಳಲಿಲ್ಲ, ಅವಳು ಒಪ್ಪಲಿಲ್ಲ. ನೀಲಮ್ಮನವರು ಕಷಾಯ ಕುಡಿಸಿ ಮತ್ತೆ ಕಳಿಸಿದರು. ಹಾವೇರಿಯಲ್ಲಿ ತಂಗಿಯ ಮೊಮ್ಮಗಳ ಮದುವೆಯಿತ್ತು. ಅಕ್ಷತೆ ಹಾಕಿ, ಊಟಕ್ಕೂ ಕೂರದೆ ರೈಲು ಹತ್ತಿದ ಮನುಷ್ಯ ರಾತ್ರಿ ಎಂಟು ಮೂವತ್ತೆಂಟಕ್ಕೆ ಆಟೋ ಇಳಿದು, ಬ್ಯಾಗು ಗೇಟಿನಲ್ಲೇ ಎಸೆದು, ಏದುಸಿರು ಬಿಡುತ್ತಾ ನಮ್ಮನ್ನು ಬೈದರು. ಅವತ್ತು ಜಗಳ ಮುಗಿದ ಮೇಲೆ ಆ ಬ್ಯಾಗನ್ನು ಗಿರಿರಾಜನೇ ಹೊತ್ತು ಮೇಲೆ ಮುಟ್ಟಿಸಿದ.

ಸೆಪ್ಟೆಂಬರಿನ ಒಂದು ಭಾನುವಾರ ಬೆಳಗ್ಗೆ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಚನ್ನವೀರೇಶ್ ರಾಜಿ ಮಾಡಿಸಲು ಬಂದರು. ಜುಲೈಯಿಂದ ಅವರಿಗೆ ಹನ್ನೊಂದು ದೂರು ಹೋಗಿದ್ದವಂತೆ. ಬಂದು ನೋಡಿದರೆ ನಮ್ಮ ಹಾಲಿನಲ್ಲಿ ಏಕಾಂತಯ್ಯನವರು ಗಿರಿರಾಜನ ಪಕ್ಕ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದರು.

"ಅಲ್ಲ ಸಾರ್, ನೀವಿಬ್ರೂ ಜಗಳ ಆಡ್ತೀರಲ್ಲ?"

"ಆಡ್ತೀವ್ರಿ," ಎಂದರು ಏಕಾಂತಯ್ಯನವರು. "ಅದು ಎಂಟು ನಲವತ್ತಕ್ಕ."

ಚನ್ನವೀರೇಶ್ ಒಂದು ಮಿರ್ಚಿ ತಿಂದು, ಕಥೆ ಕೇಳಿ, ಕಣ್ಣೊರೆಸಿಕೊಂಡು ಹೋದರು. ಸಂಘದ ಪುಸ್ತಕದಲ್ಲಿ 'ಜಗಳ ಮುಂದುವರಿಯುವುದು, ಯಾರೂ ಮಧ್ಯೆ ಹೋಗತಕ್ಕದ್ದಲ್ಲ' ಎಂದು ಬರೆಸಿದರಂತೆ.

ಎಲ್ಲ ಸುಸೂತ್ರವಾಯಿತು ಅಂದುಕೊಳ್ಳುವ ಹೊತ್ತಿಗೆ ದಸರಾ ಬಂತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಏಕಾಂತಯ್ಯನವರು ಹಗಲು ಹೊತ್ತಿನಲ್ಲಿ, ಕೊಡೆಯಿಲ್ಲದೆ, ಮುಖ ಸಣ್ಣದು ಮಾಡಿಕೊಂಡು ಬಂದು ಕೂತರು.

"ವಿಜಯದಶಮಿಗೆ ಬನ್ನಿ ಕೊಡಬೇಕಲ್ರಿ," ಎಂದರು.

ಅವರ ಕಡೆ ವಿಜಯದಶಮಿಯ ಸಂಜೆ ಬನ್ನಿ ಮರದ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಎಲೆ ಕೊಟ್ಟು ತಗೊಂಡು, ಬಂಗಾರದ ಹಾಗೆ ಇರೋಣ ಎಂದು ಹೇಳಿ, ವರ್ಷದ ಜಗಳವನ್ನೆಲ್ಲ ಅಲ್ಲಿಗೆ ಬಿಟ್ಟುಬಿಡುತ್ತಾರೆ. ಬನ್ನಿ ಕೊಟ್ಟ ಮನುಷ್ಯನ ಮೇಲೆ ಮತ್ತೆ ದನಿ ಎತ್ತುವ ಹಾಗಿಲ್ಲ. ಏಕಾಂತಯ್ಯನವರ ಮಟ್ಟಿಗೆ ಅದು ಕೋರ್ಟಿನ ಆರ್ಡರಿಗಿಂತ ದೊಡ್ಡದು.

"ಈ ವರ್ಷ ನಮಗೊಬ್ರಿಗೆ ಬಿಟ್ಬಿಡಿ ಸಾರ್," ಎಂದೆ.

"ಇಡೀ ಓಣಿಗೆ ಕೊಟ್ಟು ನಿಮಗ ಬಿಟ್ರ ನೀವು ನನ್ನ ವೈರಿಗಳಾದಂಗಾತು. ನನ್ನ ಕೈಲೆ ಆಗೂದಿಲ್ಲ."

"ಕೊಟ್ಬಿಟ್ಟು, ಜಗಳ ಬೇರೆ ವಿಷಯಕ್ಕೆ ಆಡಿದ್ರೆ?" ಎಂದ ಗಿರಿರಾಜ. "ಪಾರ್ಕಿಂಗ್‌ಗೆ?"

"ಬನ್ನಿ ವಿಷಯದ ಮ್ಯಾಲ ಅಲ್ರಿ, ಮನುಷ್ಯಾನ ಮ್ಯಾಲ."

"ಎಡಗೈಲಿ ಕೊಟ್ರೆ?"

ಅವರು ಗಿರಿರಾಜನನ್ನು ನೋಡಿದ ನೋಟ ಎಂಟು ನಲವತ್ತರದ್ದಕ್ಕಿಂತ ಕೆಟ್ಟದಾಗಿತ್ತು. ಆಮೇಲೆ ತಲೆ ತಗ್ಗಿಸಿ ಕೂತರು. ಆ ಮನುಷ್ಯ ಸುಳ್ಳು ಸುಳ್ಳೇ ಬನ್ನಿ ಕೊಡಲಾರರು, ಬನ್ನಿ ಕೊಟ್ಟು ಬೈಯಲಾರರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಬಂತು. ಸಿಟ್ಟೇ ಹೆಚ್ಚು. ಹಬ್ಬ ಮುಗಿದ ಮೂರನೆಯ ದಿನ ಶಾಲೆ ಶುರು. ನಿದ್ದೆ ಹೋದರೆ ಶಾಲೆ ಹೋಯಿತು, ಅದು ಅವರಿಗೂ ಗೊತ್ತಿತ್ತು.

ಮೆಟ್ಟಿಲ ಬಳಿ ನೀಲಮ್ಮನವರು ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಮಗ ಮಗಳ ಸಂಕಟ ಒಂದ, ನನಗ ಇವರ ಸಂಕಟ ಒಂದ. ರಿಟೈರ್ ಆದಾಗಿಂದ ಇವರಿಗೆ ನಿದ್ದಿ ಇರಲಿಲ್ಲವಾ. ರಾತ್ರಿ ಎರಡರತನಕ ಈ ಗೋಡಿಯಿಂದ ಆ ಗೋಡಿಗೆ ಅಡ್ಡಾಡತಿದ್ರು. ನಿಮ್ಮನ್ನ ಬೈಯಾಕ ಹತ್ತಿದ ಮ್ಯಾಲ ಒಂಬತ್ತೂವರಿಗೆ ಮಲಗ್ತಾರ."

ಅದು ನನಗೆ ಗೊತ್ತಿರಲಿಲ್ಲ. ಆರು ತಿಂಗಳು ನಮ್ಮ ತಲೆಯ ಮೇಲೆ ನಡೆದಾಡಿದ್ದು ಬೆಕ್ಕು ಅಂದುಕೊಂಡಿದ್ದೆ.

ಕಲಾ ಮೇಡಂ ಹೇಳಿದಂತೆ ಹೊಸ ಚಿತ್ರ ಬರೆದೆ. ಅದೇ ಬಾಗಿಲು, ಅದೇ ಏಕಾಂತಯ್ಯ, ಕೈಯಲ್ಲಿ ಕೊಡೆಯ ಬದಲು ಎಲೆ. ಹಗಲೆಲ್ಲ ವಚನಾಳಿಗೆ ತೋರಿಸಿದೆ. ಅವಳು ಅದನ್ನು ಸಮಾಧಾನವಾಗಿ ತೆಗೆದುಕೊಂಡು ಹೋಗಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ, ಬೀನ್ಸಿನ ಕೆಳಗೆ, ಇಟ್ಟು ಮುಚ್ಚಿದಳು. ನಾಲ್ಕು ದಿನ ನಾಲ್ಕು ಸಲ ಬರೆದೆ. ನಾಲ್ಕೂ ಬೀನ್ಸಿನ ಕೆಳಗೆ ಹೋದವು.

ವಿಜಯದಶಮಿಯ ಸಂಜೆ ಆರಕ್ಕೆ ಏಕಾಂತಯ್ಯನವರು ಬಿಳಿ ಜುಬ್ಬಾ ಪಂಚೆಯಲ್ಲಿ ಬಂದರು. ಗಿರಿರಾಜ ಅವರ ಕೈಗೆ ಬನ್ನಿ ಕೊಟ್ಟು ಕಾಲಿಗೆರಗಿದ. ನಾನೂ ಎರಗಿದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ," ಎಂದು ನಮಗೆ ತಿರುಗಿ ಎಲೆ ಕೊಡುವಾಗ ಅವರ ಕಣ್ಣು ತುಂಬಿತ್ತು. ಆಮೇಲೆ ಬಗ್ಗಿ ವಚನಾಳ ಮುಂದೆ ಎಲೆ ಹಿಡಿದರು. ಅವಳಿಗೆ ಒಣಗಿದ ಎಲೆ ಮುಟ್ಟಿದರೆ ಮೈ ಜುಂ ಎನ್ನುತ್ತದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಅವರು ಸ್ವಲ್ಪ ಹೊತ್ತು ಕಾದು, "ಇರ್ಲಿ, ಆಮ್ಯಾಲ ತಗೋ," ಎಂದು ಎಲೆಯನ್ನು ಜೇಬಿಗಿಟ್ಟುಕೊಂಡು ಹೋದರು.

ಎಂಟು ನಲವತ್ತಾಯಿತು. ಬಕೆಟ್ ಅರ್ಧ ತುಂಬಿತ್ತು. ಗಿರಿರಾಜ ಮೋಟರ್ ಆರಿಸಿದ. ವಚನಾ ಹಳದಿ ಹೊದಿಕೆ ಹೊದ್ದು, ಆರನೆಯ ಚಿತ್ರದ ಮೇಲೆ ಬೆರಳಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಳು. ಎಂಟು ಐವತ್ತಕ್ಕೆ, ಮೊದಲೇ ಮಾತಾಡಿಕೊಂಡಂತೆ, ಏಕಾಂತಯ್ಯನವರ ಬದಲು ಬೈಯಲು ಚನ್ನವೀರೇಶ್ ಹತ್ತು ನಿಮಿಷ ತಡವಾಗಿ ಬಂದರು. ಪಾಪ, ತಮ್ಮ ಕಾರಿನ ಕೊಡೆ ತಂದಿದ್ದರು, ಮಾತನ್ನು ಮೊಬೈಲಿನಲ್ಲಿ ಬರೆದುಕೊಂಡಿದ್ದರು. "ಟ್ಯಾಂಕ್ ತುಂಬಿ ಅರ್ಧ ತಾಸು ಆಯ್ತು," ಎನ್ನುವಷ್ಟರಲ್ಲಿ ವಚನಾ ಅವರ ಕೈ ಹಿಡಿದಳು. ಮೆಟ್ಟಿಲಿಳಿಸಿ, ಅಂಗಳ ದಾಟಿಸಿ, ಗೇಟಿನಾಚೆ ನಿಲ್ಲಿಸಿ, ಚಿಲಕ ಹಾಕಿಕೊಂಡು ವಾಪಸು ಬಂದಳು. ಅವರು ಗೇಟಿನ ಆಚೆಯಿಂದಲೇ ಉಳಿದ ವಾಕ್ಯ ಓದಿ ಮುಗಿಸಿದರು.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಅವಳು ಅಳಲಿಲ್ಲ, ಕೂಗಲಿಲ್ಲ, ಬಾಗಿಲನ್ನೇ ನೋಡುತ್ತಾ ಕಾಲು ಬದಲಿಸುತ್ತಾ ನಿಂತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಹೆಜ್ಜೆ ಸದ್ದು ಶುರುವಾಗಿತ್ತು, ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಮತ್ತೆ ಮೊದಲಿನ ಹಾಗೇ ಆಗುತ್ತದೆ, ಶಾಲೆ ಹೋಗುತ್ತದೆ, ಒಂದು ಗಂಟೆಗೆ ನಾವಿಬ್ಬರೂ ಕಚ್ಚಾಡುತ್ತೇವೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. "ಆ ಫೋಟೋ ಡಿಲೀಟ್ ಮಾಡ್ಬಿಡ್ಲಾ?" ಎಂದ ಗಿರಿರಾಜ. ಟೀಚರ್ ಬರೆದ ಸಾಲಿನ ಫೋಟೋ.

ವಚನಾ ತಲೆ ಎತ್ತಿ ಸೂರು ನೋಡಿದಳು. ಹೆಜ್ಜೆಗಳನ್ನು ಕೇಳಿದಳು. ಆಮೇಲೆ ಬಾಗಿಲ ಹಿಂದೆ ನೇತುಹಾಕಿದ್ದ ನಮ್ಮ ಕೊಡೆ ತೆಗೆದು, ಕಷ್ಟಪಟ್ಟು ಬಿಚ್ಚಿ, ಹೊರಗೆ ಹೊರಟಳು. ನಾನು ಹಿಂದೆ ಓಡಿದೆ. ಕೊಡೆ ಅವಳ ಎರಡರಷ್ಟಿತ್ತು, ಮೆಟ್ಟಿಲ ಗೋಡೆಗೆ ತಾಗಿ ತಾಗಿ ನಿಲ್ಲುತ್ತಿತ್ತು. ಬಕೆಟ್ಟಿನ ಬಳಿ ನಿಂತು ಒಳಗೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ಮೇಲಿನ ಬೆಲ್ ಒತ್ತಿದಳು.

ಏಕಾಂತಯ್ಯನವರು ಬಾಗಿಲು ತೆಗೆದರು. ಕಣ್ಣು ಕೆಂಪಾಗಿದ್ದವು.

"ಟ್ಯಾಂಕ್ ತುಂಬಿ ಅರ್ಧ ತಾಸಾತು," ಎಂದಳು ನನ್ನ ಮಗಳು, ಅಪ್ಪಟ ಗದಗಿನ ದನಿಯಲ್ಲಿ. "ಮೋಟರ್ ಬಂದ್ ಮಾಡೂ ಖಬರ್ ಇಲ್ಲೇನ್ರಿ ನಿಮಗ?"

ಅವರು ಉತ್ತರ ಹೇಳಲು ಹೋಗಿ ತಡೆದುಕೊಂಡರು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಎಲೆ ಅಲ್ಲೇ ಇತ್ತು.

"ಈಕಿ ನನ್ನ ಬನ್ನಿ ತಗೊಂಡಿಲ್ಲ," ಎಂದರು ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ. "ಹೌದಿಲ್ಲೋ?"

"ಇಲ್ಲ ಸಾರ್. ತಗೊಂಡಿಲ್ಲ."

"ಅಂದ್ರ ಈಕಿ ಜೋಡಿ ಜಗಳ ಇನ್ನ ಜಾರಿ ಐತಿ."

"ಇದೆ ಸಾರ್."

ಹೆಡ್‌ಮಾಸ್ತರರು ಬೆನ್ನು ನೆಟ್ಟಗೆ ಮಾಡಿಕೊಂಡರು. ಪಂಚೆ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು. ಮೂರು ತಿಂಗಳು ಗಿರಿರಾಜ ಹೇಳಿದ ಮಾತನ್ನು ಅವರು ಅವಳಿಗೆ ಹೇಳಿದರು.

"ಮುದುಕರು ಮಲಗೂ ಹೊತ್ತು, ಸ್ವಲ್ಪ ಮೆತ್ತಗ ಮಾತಾಡ್ರಿ."

"ಹೌದ್ರಿ, ನೀವು ಮಲಗ್ರಿ," ಎಂದಳು ವಚನಾ. "ನಾ ಈಜ್ತೀನಿ."

ಅವರ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ದಢಾರನೆ ಎಳೆದಳು. ಎಳೆಯುವಾಗ ಕೊಡೆ ಕೈಬಿಟ್ಟು ಮೆಟ್ಟಿಲಲ್ಲಿ ಉರುಳಿತು. ಅದನ್ನು ಎತ್ತಿಕೊಂಡು, ಮುಚ್ಚಿ, ನಮ್ಮ ಬಾಗಿಲ ಹಿಂದೆ ನೇತುಹಾಕಿ, ಏಳನೆಯ ಚಿತ್ರ ಮುಟ್ಟಿ ಮಲಗಿದಳು. ನಾನೂ ಗಿರಿರಾಜನೂ ಕತ್ತಲಲ್ಲಿ ಕೂತು ಅವಳ ಉಸಿರು ಕೇಳಿದೆವು. ಮೇಲೆ ಹೆಜ್ಜೆಗಳು ಒಂದು ಸಲ ಆ ಗೋಡೆಗೆ ಹೋದವು. ವಾಪಸು ಬರಲಿಲ್ಲ.

ಬೆಳಗ್ಗೆ ಎದ್ದು ಆರನೆಯ ಚಿತ್ರವನ್ನು ಐದನೆಯ ಸಲ ಹೊಸದಾಗಿ ಬರೆದೆ. ಮೇಲಿನ ಬಾಗಿಲು, ಅದರ ಮುಂದೆ ದೊಡ್ಡ ಕೊಡೆಯ ಕೆಳಗೆ ಒಂದು ಚಿಕ್ಕ ಹುಡುಗಿ. ನಡೆದದ್ದನ್ನು ನಡೆದ ಹಾಗೆ. ವಚನಾ ಅದನ್ನು ನೋಡಿ, ಫ್ರಿಜ್ಜಿನ ಕಡೆ ಹೋಗಲಿಲ್ಲ. ಹಳೆಯದನ್ನು ಕಿತ್ತು, ಗೋಂದಿನ ಬಾಟಲಿ ತಂದು, ತಾನೇ ಅಂಟಿಸಿದಳು.

ಅಷ್ಟರಲ್ಲಿ ಏಕಾಂತಯ್ಯನವರು ಕೆಳಗೆ ಬಂದರು. ಚೆನ್ನಾಗಿ ನಿದ್ದೆಯಾದ ಮುಖ. ಜೇಬಿನಿಂದ ನಿನ್ನೆಯ ಬನ್ನಿ ಎಲೆ ತೆಗೆದು, ಶಾಸ್ತ್ರ ಬಿಡುವ ಹಾಗಿಲ್ಲವಲ್ಲ, ಮತ್ತೆ ಅವಳ ಮುಂದೆ ಹಿಡಿದರು. ತಗೊಂಡರೆ ಈ ಜಗಳವೂ ಮುಗಿದಂತೆ. ವಚನಾ ಎಲೆಯನ್ನು ನೋಡಿದಳು, ಅವರ ಮುಖ ನೋಡಿದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಒಲ್ಲೆ ಅಂತಾಳ," ಎಂದು ಅವರು ಮೇಲಿದ್ದ ನೀಲಮ್ಮನವರಿಗೆ ಕೇಳುವಂತೆ ಕೂಗಿ ಹೇಳಿದರು. "ಬರೂ ದಸರಾತನಕ ಜಗಳ ಐತಿ." ಎಲೆಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು, ಎಂಟು ನಲವತ್ತಕ್ಕೆ ಬಾಗಿಲ ಹತ್ತಿರವೇ ಇರಬೇಕು, ಇವತ್ತು ಊಟ ಬೇಗ ಬಡಿಸು ಎನ್ನುತ್ತಾ ಮೆಟ್ಟಿಲು ಹತ್ತಿದರು.